ಎಳೆಮಗುವಿನ ಪಕ್ಕ ನಿಂತು ಓದಿ: ಮನುಷ್ಯನ ಸ್ವಭಾವದ ಬಗ್ಗೆ ಪಶ್ಚಿಮದ ಮತ್ತು ಇಸ್ಲಾಮಿನ ಚಿಂತಕರನ್ನು ಹೋಲಿಸುವ ಬಗೆ

ಮಂಗಳೂರಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು 22 ವರ್ಷದಿಂದ ನರ್ಸ್. ತತ್ವಶಾಸ್ತ್ರವನ್ನು ಕಾಲೇಜಿನಲ್ಲಿ ಕಲಿತವಳಲ್ಲ. ಒಂದು ರಾತ್ರಿ ಪಾಳಿ ನನ್ನನ್ನು ಈ ಓದಿಗೆ ತಂದಿತು.

ಆ ರಾತ್ರಿ ತಿಂಗಳು ತುಂಬುವ ಮೊದಲೇ ಒಂದು ಮಗು ಹುಟ್ಟಿತು. ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಉಳಿಯುವುದು ಕಷ್ಟ ಅಂತ ಡಾಕ್ಟರ್ ಹೇಳಿಯಾಗಿತ್ತು. ತಾಯಿ ಕೆಥೋಲಿಕ್. ನನ್ನ ಕೈ ಹಿಡಿದು, "ಸಿಸ್ಟರ್, ನೀರು ಹಾಕಿ" ಅಂದಳು. ಪಾದ್ರಿ ಬರುವಷ್ಟು ಹೊತ್ತು ನಮ್ಮ ಬಳಿ ಇರಲಿಲ್ಲ. ಇಂಥ ಹೊತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಕೊಡುವವರು ಕ್ರೈಸ್ತರೇ ಆಗಬೇಕೆಂದಿಲ್ಲ, ಚರ್ಚಿನ ಉದ್ದೇಶ ಮನಸ್ಸಿನಲ್ಲಿದ್ದರೆ ಸಾಕು ಅಂತ ಜೊತೆಗಿದ್ದ ಸಿಸ್ಟರ್ ಹೇಳಿದರು. ನಾನು ಒಂದು ಆಂಪೂಲ್ ಮುರಿದು, ಅದರ ನೀರನ್ನು ಮೂರು ಸಲ ಆ ಪುಟ್ಟ ತಲೆಯ ಮೇಲೆ ಸುರಿದೆ. ಅವರು ಹೇಳಿಕೊಟ್ಟ ಮಾತನ್ನು ಹೇಳಿದೆ.

ಬೆಳಿಗ್ಗೆ ಪಕ್ಕದ ಕೋಣೆಯಲ್ಲಿ ಬ್ಯಾರಿ (ನಮ್ಮ ಕರಾವಳಿಯ ಮುಸ್ಲಿಂ) ಮನೆಯವರ ಮಗು. ಮೂರು ಕಿಲೋ ತೂಕ, ಗಟ್ಟಿ ಅಳು. ಅಜ್ಜ ಅದನ್ನು ಎತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ಬಲಗಿವಿಗೆ ತುಟಿ ತಾಗುವಷ್ಟು ಹತ್ತಿರ ಬಂದು ಮೆಲ್ಲಗೆ ಬಾಂಗ್, ಅಂದರೆ ನಮಾಝಿಗೆ ಕರೆಯುವ ಮಾತು, ಹೇಳಿದರು. ಮಗು ಅಳು ನಿಲ್ಲಿಸಿ ಕಣ್ಣು ಪಿಳಿಪಿಳಿ ಬಿಟ್ಟಿತು.

ಒಂದು ಮಗುವಿಗೆ ನೀರು, ಇನ್ನೊಂದಕ್ಕೆ ಮಾತು. ಒಂದರಲ್ಲಿ ತೊಳೆಯಬೇಕಾದದ್ದು ಏನಿತ್ತು? ಇನ್ನೊಂದರ ಕಿವಿಯಲ್ಲಿ ಅಷ್ಟು ಅರ್ಜೆಂಟಾಗಿ ಹೇಳಬೇಕಾದದ್ದು ಯಾಕೆ? ಮನೆಗೆ ಬಂದು ಮಲಗಿದರೂ ನಿದ್ದೆ ಹತ್ತಲಿಲ್ಲ. ಅವತ್ತಿನಿಂದ ಓದುತ್ತಿದ್ದೇನೆ. ಆ ಓದಿನಿಂದ ಒಂದು ವಿಧಾನ ಕೈಗೆ ಸಿಕ್ಕಿದೆ. ಈ ವಿಷಯಕ್ಕೆ ಹೊಸಬರಾದವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಮೊದಲ ಕೆಲಸ: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಪಶ್ಚಿಮ ಏನು ಹೇಳುತ್ತದೆ, ಇಸ್ಲಾಂ ಏನು ಹೇಳುತ್ತದೆ" ಅಂತ ಶುರು ಮಾಡಬೇಡಿ. ಅಷ್ಟು ದೊಡ್ಡ ಚೀಲಕ್ಕೆ ಕೈ ಹಾಕಿದರೆ ಯಾರಿಗೆ ಏನು ಬೇಕೋ ಅದೇ ಸಿಗುತ್ತದೆ. ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಈಗ ತಾನೇ ಹುಟ್ಟಿದ ಮಗು ನನ್ನ ಕೈಯಲ್ಲಿದೆ. ಚಿಂತಕರೊಬ್ಬರು ಪಕ್ಕದಲ್ಲಿ ನಿಂತಿದ್ದಾರೆ. "ಈ ಮಗು ಏನು ತಂದಿದೆ? ನಾನೀಗ ಏನು ಮಾಡಲಿ?" ಅಂತ ಅವರನ್ನು ಕೇಳುತ್ತೇನೆ.

ಎರಡನೆಯ ಭಾಗವೇ ಮುಖ್ಯ. ಮನುಷ್ಯ ಒಳ್ಳೆಯವನೋ ಕೆಟ್ಟವನೋ ಅನ್ನುವ ಚರ್ಚೆ ಕೊನೆಗೆ ಕೈಕೆಲಸಕ್ಕೆ ಬಂದು ನಿಲ್ಲುತ್ತದೆ: ತೊಳೆಯಬೇಕೋ, ಕಿವಿಯಲ್ಲಿ ಹೇಳಬೇಕೋ, ಬಿಗಿದು ಕಟ್ಟಬೇಕೋ, ಬಿಚ್ಚಿ ಬಿಡಬೇಕೋ, ಹಾಳೆಯ ಮೇಲೆ ಬರೆಯಲು ಶುರು ಮಾಡಬೇಕೋ. ಕೆಲಸ ಯಾವುದು ಅಂತ ಗೊತ್ತಾದರೆ ಸಿದ್ಧಾಂತ ತಾನಾಗಿ ಬಿಡಿಸಿಕೊಳ್ಳುತ್ತದೆ.

ಎರಡನೆಯದು: ಕನ್ನಡ ಪದ ಅಂಟಿಸಲು ಅವಸರ ಮಾಡಬೇಡಿ

ಇದು ನಮಗೇ ಇರುವ ತೊಂದರೆ. ಅರಬ್ಬಿಯ ನಫ್ಸ್ ಅನ್ನುವ ಪದ ಕಂಡ ಕೂಡಲೇ "ಆತ್ಮ" ಅಂದುಬಿಡುತ್ತೇವೆ. ನಮ್ಮ ಆತ್ಮದ ಹಿಂದೆ ಜನ್ಮ, ಪುನರ್ಜನ್ಮ, ಕರ್ಮ ಎಲ್ಲಾ ಸಾಲಾಗಿ ಬಂದು ಕೂರುತ್ತವೆ. ನಫ್ಸ್‌ಗೆ ಅವು ಯಾವುವೂ ಇಲ್ಲ. ಕುರಾನಿನಲ್ಲಿ ನಫ್ಸ್ ಒಂದು ಕಡೆ ಕೆಟ್ಟದ್ದಕ್ಕೆ ಒತ್ತಾಯಿಸುವಂಥದ್ದು (12:53, ಅಂದರೆ 12ನೆಯ ಅಧ್ಯಾಯದ 53ನೆಯ ವಚನ), ಒಂದು ಕಡೆ ತನ್ನನ್ನೇ ಬೈದುಕೊಳ್ಳುವಂಥದ್ದು (75:2), ಇನ್ನೊಂದು ಕಡೆ ನೆಮ್ಮದಿಗೆ ಬಂದಂಥದ್ದು (89:27). ಇದು "ನಾನು" ಅನ್ನುವುದಕ್ಕೆ ಜಾಸ್ತಿ ಹತ್ತಿರ. ದೇವರು ಮನುಷ್ಯನಲ್ಲಿ ಊದಿದ ಜೀವಕ್ಕೆ ರೂಹ್ ಅನ್ನುವ ಪದ ಬೇರೆಯೇ ಇದೆ.

ಫಿತ್ರಾ ಅನ್ನುವ ಪದವೂ ಹಾಗೆಯೇ. ದೇವರು ಮನುಷ್ಯನನ್ನು ಸೃಷ್ಟಿಸಿದ ಮೂಲ ರೀತಿ ಅದು. ಅದನ್ನು "ಹುಟ್ಟುಗುಣ" ಅಂತ ತಂದರೆ "ಹುಟ್ಟುಗುಣ ಸುಟ್ಟರೂ ಹೋಗದು" ಅನ್ನುವ ಗಾದೆಯೂ ಜೊತೆಗೆ ಬರುತ್ತದೆ. ಫಿತ್ರಾ ಕೆಡಬಹುದು, ಮುಚ್ಚಿಹೋಗಬಹುದು. ನನ್ನ ನೋಟ್‌ಬುಕ್ಕಿನಲ್ಲಿ ಇಂಥ ಪದಗಳನ್ನು ಹಾಗೇ ಇಟ್ಟು, ಪಕ್ಕದಲ್ಲಿ ಅದು ಏನು ಮಾಡುತ್ತದೆ ಅಂತ ಒಂದು ಸಾಲು ಬರೆಯುತ್ತೇನೆ. ಪಶ್ಚಿಮದ ಪದಗಳಿಗೂ ಅದೇ ಮರ್ಯಾದೆ. ಕ್ರೈಸ್ತ ಚಿಂತಕ ಅಗಸ್ಟೀನರ ಮೂಲಪಾಪ ಅಂದರೆ ಮಗು ಮಾಡಿದ ತಪ್ಪಲ್ಲ, ಹಿಂದಿನ ಜನ್ಮದ ಪಾಪವಂತೂ ಅಲ್ಲವೇ ಅಲ್ಲ. ಆದಮನ ತಪ್ಪಿನಿಂದ ಎಲ್ಲ ಮನುಷ್ಯರಿಗೂ ಹುಟ್ಟಿನಿಂದಲೇ ಅಂಟಿ ಬರುವಂಥದ್ದು, ಜ್ಞಾನಸ್ನಾನ ತೊಳೆಯುವುದು ಅದನ್ನೇ.

ಮೂರನೆಯದು: ಸಿದ್ಧಾಂತಕ್ಕಿಂತ ಮೊದಲು ಅವರು ಕಂಡ ದೃಶ್ಯ ಹುಡುಕಿ

ದೊಡ್ಡ ಚಿಂತಕರು ಎಲ್ಲೋ ಒಂದು ಕಡೆ ಏನನ್ನೋ ಕಣ್ಣಿಟ್ಟು ನೋಡಿರುತ್ತಾರೆ. ಅದನ್ನು ಹಿಡಿಯಿರಿ.

ಅಗಸ್ಟೀನ್ (354–430) ತಮ್ಮ 'ಕನ್ಫೆಶನ್ಸ್'ನ ಮೊದಲ ಭಾಗದಲ್ಲೇ ಒಂದು ಹಸುಗೂಸಿನ ಮಾತು ಹೇಳುತ್ತಾರೆ. ಅದಕ್ಕೆ ಇನ್ನೂ ಮಾತು ಬಂದಿಲ್ಲ. ತನ್ನ ಜೊತೆ ಅದೇ ಎದೆಹಾಲು ಕುಡಿಯುತ್ತಿರುವ ಇನ್ನೊಂದು ಮಗುವನ್ನು ಅದು ಬಿಳಿಚಿಕೊಂಡು, ಕಹಿಯಾಗಿ ದಿಟ್ಟಿಸುತ್ತದೆ. ಮಕ್ಕಳು ಮುಗ್ಧರು ಅನ್ನುತ್ತೀರಲ್ಲ, ಅವರ ಕೈಕಾಲಿಗೆ ಬಲವಿಲ್ಲ ಅಷ್ಟೇ, ಮನಸ್ಸು ಮುಗ್ಧವಲ್ಲ ಅನ್ನುವುದು ಅವರ ಮಾತು. ಅವಳಿ ಮಕ್ಕಳನ್ನು ನೋಡಿಕೊಂಡವಳು ನಾನು. ಅವರು ವಿವರಿಸಿದ ಆ ನೋಟ ನನಗೆ ಗೊತ್ತು. ಅದನ್ನು ನಾನು ಹಸಿವು ಅನ್ನುತ್ತೇನೆ, ಅವರು ಅಸೂಯೆ ಅನ್ನುತ್ತಾರೆ. ಆದರೆ ಅವರು ನೋಡಿಯೇ ಬರೆದಿದ್ದಾರೆ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. (ಒಂದೇ ಎದೆಹಾಲು ಕುಡಿದ ಇಬ್ಬರು ಮಕ್ಕಳು ಇಸ್ಲಾಮಿನ ನಿಯಮದಲ್ಲಿ ಒಡಹುಟ್ಟಿದವರ ಹಾಗೆ, ಮುಂದೆ ಮದುವೆಯಾಗುವಂತಿಲ್ಲ. ಅಗಸ್ಟೀನರಿಗೆ ಪೈಪೋಟಿ ಕಂಡ ಜಾಗದಲ್ಲೇ ಇಲ್ಲಿ ನೆಂಟಸ್ತಿಕೆ ಹುಟ್ಟುತ್ತದೆ. ಈ ಎರಡನ್ನು ಜೊತೆಗಿಟ್ಟು ನಾನು ತುಂಬ ಹೊತ್ತು ಯೋಚಿಸಿದ್ದೇನೆ.)

ಇನ್ನೊಂದು ಕಡೆ ಪ್ರವಾದಿ ಮುಹಮ್ಮದರ ಪ್ರಸಿದ್ಧ ಹದೀಸ್, ಅಂದರೆ ಅವರು ಹೇಳಿದ್ದೆಂದು ದಾಖಲಾದ ಮಾತು. ಪ್ರತಿ ಮಗುವೂ ಫಿತ್ರಾದ ಮೇಲೆ ಹುಟ್ಟುತ್ತದೆ. ತಂದೆತಾಯಿ ಅದನ್ನು ಯಹೂದಿ, ಕ್ರೈಸ್ತ ಅಥವಾ ಮಜೂಸಿ (ಪಾರ್ಸಿಗಳ ಮತದವರು) ಮಾಡುತ್ತಾರೆ. ಇದರ ಮುಂದಿನ ಸಾಲನ್ನು ಜನ ಬಿಟ್ಟುಬಿಡುತ್ತಾರೆ. ಪ್ರಾಣಿ ಪೂರ್ತಿ ಮೈಯ ಮರಿಯನ್ನೇ ಹಾಕುತ್ತದೆ, ಅದರಲ್ಲಿ ಕಿವಿ ಕತ್ತರಿಸಿದ ಒಂದನ್ನಾದರೂ ಕಂಡಿದ್ದೀರಾ? ಕಿವಿ ಕತ್ತರಿಸುವುದು ಆಮೇಲೆ, ಮನುಷ್ಯರ ಕೈಯಿಂದ. ಹುಟ್ಟಿದ ಮಗುವಿನ ಬೆರಳು ಎಣಿಸಿ, ಅಂಗುಳ ಮುಟ್ಟಿ, ಕಿವಿ ಮಡಿಕೆ ನೋಡಿ ಬರೆಯುವುದು ನನ್ನ ದಿನದ ಕೆಲಸ. ಆದ್ದರಿಂದ ಈ ಸಾಲು ನನಗೆ ಬೇಗ ತಾಗಿತು. ಮಗು ಪೂರ್ತಿಯಾಗಿ ಬಂದಿದೆ. ಹಾಗಾದರೆ ಕಿವಿಯಲ್ಲಿ ಬಾಂಗ್ ಯಾಕೆ? ಅದನ್ನು ಆ ಅಜ್ಜನನ್ನೇ ಕೇಳಿದ್ದೆ. "ಅದಕ್ಕೆ ಗೊತ್ತಿರುವುದನ್ನೇ ನೆನಪು ಮಾಡುವುದಮ್ಮಾ" ಅಂದರು. ಕುರಾನಿನ 7:172ರಲ್ಲಿ ದೇವರು ಆದಮನ ಸಂತತಿಯನ್ನೆಲ್ಲ "ನಾನು ನಿಮ್ಮ ಒಡೆಯನಲ್ಲವೇ?" ಅಂತ ಕೇಳುತ್ತಾನೆ, ಅವರು "ಹೌದು" ಅನ್ನುತ್ತಾರೆ. ಅಜ್ಜ ಹೇಳಿದ್ದು ಅದನ್ನೇ ಅಂತ ಓದಿದ ಮೇಲೆ ತಿಳಿಯಿತು.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ (1632–1704) ಮನುಷ್ಯನ ತಿಳಿವಿನ ಬಗೆಗಿನ ತಮ್ಮ ಪ್ರಬಂಧದಲ್ಲಿ ಬರೆದದ್ದು ಏನೂ ಬರೆಯದ ಬಿಳಿ ಹಾಳೆಯಂಥ ಮನಸ್ಸಿನ ಬಗ್ಗೆ. ನಮ್ಮ ವಾರ್ಡಿನಲ್ಲಿ ಪ್ರತಿ ಮಗುವಿಗೂ ಅಂಥ ಒಂದು ಖಾಲಿ ಶೀಟ್ ಇರುತ್ತದೆ, ಅಲ್ವಾ? ಆದರೆ ನಾನು ಮಗುವಿನ ಕೆನ್ನೆ ಮುಟ್ಟಿದರೆ ಅದು ಆ ಕಡೆಗೇ ಬಾಯಿ ತಿರುಗಿಸುತ್ತದೆ. ಯಾರೂ ಕಲಿಸಿಲ್ಲ. ಹಾಗಾದರೆ ಲಾಕ್ ತಪ್ಪೇ? ಅವರನ್ನೇ ಓದಿದರೆ ಗೊತ್ತಾಗುತ್ತದೆ: ಹೊಟ್ಟೆಯಲ್ಲಿರುವ ಮಗುವಿಗೂ ಹಸಿವು, ಬಿಸುಪು ತಿಳಿದಿರಬಹುದು ಅಂತ ಅವರೇ ಒಪ್ಪುತ್ತಾರೆ. ಶಕ್ತಿ ಹುಟ್ಟಿನಿಂದ ಇಲ್ಲ ಅಂತ ಅವರು ಹೇಳಲಿಲ್ಲ. ಸಿದ್ಧವಾದ ತತ್ವಗಳು, ನಂಬಿಕೆಗಳು ಹುಟ್ಟಿನಿಂದ ಬರುವುದಿಲ್ಲ ಅಂದರು. ಹಾಗಾಗಿ ಫಿತ್ರಾಕ್ಕೂ ಲಾಕ್‌ಗೂ ಜಗಳ ಇರುವುದು ಮೊಲೆ ಚೀಪುವುದರಲ್ಲಿ ಅಲ್ಲ, ದೇವರ ಅರಿವು ಒಳಗೇ ಇದೆಯೇ ಅನ್ನುವುದರಲ್ಲಿ.

ಮಗುವನ್ನು ಬೆಳೆಸುವ ಬಗ್ಗೆ ರೂಸೋ ಬರೆದ 'ಎಮೀಲ್' (1762) ಕೈಗೆತ್ತಿಕೊಂಡಾಗ ನನಗೆ ಬೆರಗಾಯಿತು. ಶುರುವಿನಲ್ಲೇ ಮಗುವಿಗೆ ಬಿಗಿಯಾಗಿ ಬಟ್ಟೆ ಸುತ್ತುವುದರ ವಿರುದ್ಧ ಪುಟಗಟ್ಟಲೆ ಬರೆದಿದ್ದಾರೆ. ಕೈಕಾಲು ಬಿಡಿ, ತಾಯಿಯೇ ಹಾಲುಣಿಸಲಿ ಅನ್ನುತ್ತಾರೆ. ಸೃಷ್ಟಿಕರ್ತನ ಕೈಯಿಂದ ಬಂದಾಗ ಎಲ್ಲವೂ ಚೆನ್ನಾಗಿರುತ್ತದೆ, ಮನುಷ್ಯನ ಕೈಯಲ್ಲಿ ಕೆಡುತ್ತದೆ ಅನ್ನುವುದು ಆ ಪುಸ್ತಕದ ಮೊದಲ ಮಾತು. ಅದೇ ರೂಸೋ ತಮ್ಮ ಐದೂ ಮಕ್ಕಳನ್ನು ಅನಾಥಾಲಯಕ್ಕೆ ಕಳಿಸಿದರು. ತಾವೇ ಒಪ್ಪಿಕೊಂಡು ಬರೆದಿದ್ದಾರೆ. ನನಗೆ ಇದನ್ನು ಮರೆತು ಅವರನ್ನು ಓದಲು ಆಗುವುದಿಲ್ಲ. ಹಾಗಂತ ಪುಸ್ತಕ ಮುಚ್ಚಿಡಲೂ ಇಲ್ಲ.

ನಾಲ್ಕನೆಯದು: ಅವರಿಗೆ ಯಾವುದರ ಹೆದರಿಕೆ ಇತ್ತು ಅಂತ ಕೇಳಿ

ಉತ್ತರಗಳನ್ನು ಹೋಲಿಸುವ ಮೊದಲು ಇದು ಆಗಲೇಬೇಕು. ಅಗಸ್ಟೀನರ ಎದುರಿಗೆ ಪೆಲೇಜಿಯಸ್ ಅನ್ನುವ ಇನ್ನೊಬ್ಬ ಕ್ರೈಸ್ತ ಗುರು ಇದ್ದರು. ಮನುಷ್ಯ ತನ್ನ ಪ್ರಯತ್ನದಿಂದಲೇ ಒಳ್ಳೆಯವನಾಗಬಲ್ಲ ಅನ್ನುವುದು ಪೆಲೇಜಿಯಸ್ ವಾದ. ಅದು ನಿಜವಾದರೆ ದೇವರ ಕೃಪೆಗೆ ಜಾಗ ಎಲ್ಲಿ ಅನ್ನುವುದು ಅಗಸ್ಟೀನರ ಆತಂಕ. ಲಾಕ್‌ಗೆ ಬೇರೆ ಆತಂಕ. ಹಿರಿಯರಿಂದ ಬಂದ ಪೂರ್ವಗ್ರಹಕ್ಕೆ "ಇದು ಹುಟ್ಟಿನಿಂದ ಬಂದ ಸತ್ಯ" ಅಂತ ಹೆಸರಿಟ್ಟು ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸುತ್ತಾರಲ್ಲ, ಅದು.

ಇಂಗ್ಲೆಂಡಿನ ರಾಜಕೀಯ ಚಿಂತಕ ಥಾಮಸ್ ಹಾಬ್ಸ್ 1588ರ ಏಪ್ರಿಲ್‌ನಲ್ಲಿ ಹುಟ್ಟಿದರು. ಸ್ಪೇನಿನ ಹಡಗುಪಡೆ ಬರುತ್ತದೆ ಅನ್ನುವ ಸುದ್ದಿ ಇಂಗ್ಲೆಂಡಿನಲ್ಲೆಲ್ಲ ಹಬ್ಬಿತ್ತು. ಅಮ್ಮ ಅವಳಿ ಹೆತ್ತಳು, ನಾನು ಮತ್ತು ಭಯ ಅಂತ ಮುದುಕರಾದ ಮೇಲೆ ಪದ್ಯದಲ್ಲಿ ಬರೆದುಕೊಂಡರು. ಅಂತರ್ಯುದ್ಧ ಕಂಡು 1651ರಲ್ಲಿ 'ಲೆವಿಯಾಥನ್' ಪ್ರಕಟಿಸಿದರು. ಎಲ್ಲರನ್ನೂ ಅಂಕೆಯಲ್ಲಿಡುವ ಒಂದು ಬಲ ಇಲ್ಲದಿದ್ದರೆ ಬದುಕು ಒಂಟಿ, ಬಡ, ಹೊಲಸು, ಕ್ರೂರ, ಗಿಡ್ಡ ಅಂದರು.

ಹಾಬ್ಸ್ ಪಕ್ಕದಲ್ಲಿ ಇಡಬೇಕಾದವರು ಇಬ್ನ್ ಖಲ್ದೂನ್ (1332–1406). ಟ್ಯುನಿಸ್‌ನವರು. ಹದಿಹರೆಯದಲ್ಲೇ ಪ್ಲೇಗಿನಲ್ಲಿ ತಂದೆತಾಯಿಯನ್ನು ಕಳೆದುಕೊಂಡವರು. 1377ರಲ್ಲಿ ಇತಿಹಾಸ, ಸಮಾಜದ ಬಗ್ಗೆ 'ಮುಕದ್ದಿಮಾ' ಬರೆದರು. ಅವರೂ ಮನುಷ್ಯರನ್ನು ತಡೆಯುವ ಒಬ್ಬರು ಬೇಕು ಅನ್ನುತ್ತಾರೆ. ಅರಬ್ಬಿಯಲ್ಲಿ ಅದಕ್ಕೆ ವಾಝಿ ಅನ್ನುವ ಪದ. ಇಷ್ಟು ನೋಡಿ "ಇಬ್ಬರೂ ಒಂದೇ" ಅನ್ನಬೇಡಿ. ಅವರು ಶುರು ಮಾಡುವುದು ಒಂದು ದಿನದ ಗೋಧಿಯಿಂದ. ಬೀಸಬೇಕು, ನಾದಬೇಕು, ಸುಡಬೇಕು. ಅದಕ್ಕೆ ಪಾತ್ರೆ ಬೇಕು, ಪಾತ್ರೆಗೆ ಕಮ್ಮಾರ, ಬಡಗಿ, ಕುಂಬಾರ ಬೇಕು. ಒಬ್ಬನಿಂದ ಆಗುವುದಿಲ್ಲ. ಹಾಬ್ಸ್ ಮೊದಲು ಕಾಣುವುದು ಪರಸ್ಪರ ಹೆದರುವ ಒಂಟಿ ಜನರನ್ನು. ಇಬ್ನ್ ಖಲ್ದೂನ್ ಮೊದಲು ಕಾಣುವುದು ಒಟ್ಟಿಗೆ ರೊಟ್ಟಿ ಮಾಡುವ ಜನರನ್ನು, ಆಮೇಲೆ ಅವರ ಜಗಳವನ್ನು. ಯಾವುದು ಮೊದಲು ಕಂಡಿತು ಅನ್ನುವುದೇ ಇಲ್ಲಿ ದೊಡ್ಡ ವ್ಯತ್ಯಾಸ.

ಎರಡು ಗೋಡೆ ಕಟ್ಟಬೇಡಿ

ನಾನು ಮೊದಲು ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ಪಶ್ಚಿಮ, ಬಲಕ್ಕೆ ಇಸ್ಲಾಂ ಅಂತ ಬರೆದಿದ್ದೆ. ಎರಡೇ ವಾರದಲ್ಲಿ ಆ ಗೆರೆ ಕೆಲಸಕ್ಕೆ ಬರಲಿಲ್ಲ. ಅಗಸ್ಟೀನ್ ಹುಟ್ಟಿದ ಥಗಾಸ್ತೆ ಈಗಿನ ಅಲ್ಜೀರಿಯಾದಲ್ಲಿದೆ. ಇಬ್ನ್ ಖಲ್ದೂನ್ 'ಮುಕದ್ದಿಮಾ' ಬರೆದದ್ದೂ ಈಗಿನ ಅಲ್ಜೀರಿಯಾದ ಒಂದು ಕೋಟೆಯಲ್ಲಿ. ಮುಸ್ಲಿಂ ತತ್ವಜ್ಞಾನಿ ಇಬ್ನ್ ರುಶ್ದ್ ಹುಟ್ಟಿದ್ದು ಸ್ಪೇನಿನ ಕಾರ್ಡೋಬಾದಲ್ಲಿ. ಬಗ್ದಾದಿನಲ್ಲಿ ಗ್ರೀಕ್ ಪುಸ್ತಕಗಳನ್ನು ಅರಬ್ಬಿಗೆ ತಂದವರಲ್ಲಿ ದೊಡ್ಡ ಹೆಸರು ಹುನೈನ್ ಇಬ್ನ್ ಇಸ್ಹಾಕ್. ಅವರು ಕ್ರೈಸ್ತರು, ವೈದ್ಯರು. ಗ್ರೀಕರಾದ ಪ್ಲೇಟೋ, ಅರಿಸ್ಟಾಟಲ್ ಪಶ್ಚಿಮದ ಮನೆಗೂ ಇಸ್ಲಾಮಿನ ಮನೆಗೂ ಅಜ್ಜಂದಿರು.

ಒಳಜಗಳಗಳನ್ನೂ ನೋಡಿ. ಹಾಬ್ಸ್‌ಗೂ ರೂಸೋಗೂ ಇರುವಷ್ಟು ದೂರ ರೂಸೋಗೂ ಫಿತ್ರಾಕ್ಕೂ ಇಲ್ಲ. ಇಸ್ಲಾಮಿನ ದೇವಶಾಸ್ತ್ರಜ್ಞ ಗಝಾಲಿ (1058–1111) ಇಬ್ನ್ ಸೀನಾ ಅವರಂಥ ತತ್ವಜ್ಞಾನಿಗಳನ್ನು ಕಟುವಾಗಿ ಖಂಡಿಸಿದರು, ಇಬ್ನ್ ರುಶ್ದ್ ಅದಕ್ಕೆ ಅಷ್ಟೇ ಖಾರವಾಗಿ ಉತ್ತರಿಸಿದರು. "ಕ್ರೈಸ್ತರ ಮನುಷ್ಯ ಕೆಟ್ಟವ, ಇಸ್ಲಾಮಿನ ಮನುಷ್ಯ ಒಳ್ಳೆಯವ" ಅನ್ನುವ ಸುಲಭದ ಮಾತೂ ನಿಲ್ಲುವುದಿಲ್ಲ. ದೇವರು ಸೃಷ್ಟಿಸಿದ ಸ್ವಭಾವ ಒಳ್ಳೆಯದೇ ಅಂತ ಅಗಸ್ಟೀನ್ ಮತ್ತೆ ಮತ್ತೆ ಹೇಳುತ್ತಾರೆ. ಕುರಾನಿನಲ್ಲಿ ಆದಮ ತಪ್ಪು ಮಾಡಿ, ಪಶ್ಚಾತ್ತಾಪಪಟ್ಟು, ಕ್ಷಮೆ ಪಡೆಯುತ್ತಾನೆ (2:37). ಒಬ್ಬರ ಹೊರೆ ಇನ್ನೊಬ್ಬರು ಹೊರುವುದಿಲ್ಲ. ಆದರೆ ಅದೇ ಅಧ್ಯಾಯದಲ್ಲಿ, ಮನುಷ್ಯ ಹುಟ್ಟುವ ಮೊದಲೇ, ದೇವದೂತರು "ಭೂಮಿಯಲ್ಲಿ ರಕ್ತ ಹರಿಸುವವನನ್ನು ಇಡುತ್ತೀಯಾ?" ಅಂತ ಕೇಳಿದ್ದಾರೆ (2:30). ದೇವರು ಆ ಮಾತನ್ನು ಸುಳ್ಳು ಅನ್ನಲಿಲ್ಲ. ನಿಮಗೆ ಗೊತ್ತಿಲ್ಲದ್ದು ನನಗೆ ಗೊತ್ತು ಅಂದ.

ಹೋಲಿಕೆ ಕಂಡಾಗ ಕೈ ತಡೆಯಿರಿ

ಇಬ್ನ್ ಸೀನಾ (980–1037) ಅವರ ತೇಲುವ ಮನುಷ್ಯನ ಕಲ್ಪನೆ ಪ್ರಸಿದ್ಧ. ಒಬ್ಬ ಮನುಷ್ಯ ಒಮ್ಮೆಲೇ, ಪೂರ್ತಿ ಬೆಳೆದವನಾಗಿ ಸೃಷ್ಟಿಯಾಗುತ್ತಾನೆ. ಗಾಳಿಯಲ್ಲಿ ತೇಲುತ್ತಿದ್ದಾನೆ. ಕಣ್ಣು ಮುಚ್ಚಿದೆ. ಕೈಕಾಲು ಒಂದಕ್ಕೊಂದು ತಾಗುವುದಿಲ್ಲ. ಗಾಳಿಯೂ ಮೈಗೆ ತಿಳಿಯುವುದಿಲ್ಲ. ಅವನಿಗೆ ತಾನಿದ್ದೇನೆ ಅಂತ ಗೊತ್ತಿರುತ್ತದೆಯೇ? ಗೊತ್ತಿರುತ್ತದೆ ಅನ್ನುತ್ತಾರೆ.

ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ತಾಯಂದಿರು ನನ್ನನ್ನು ಕೇಳುವುದು ನೆನಪಾಯಿತು. "ಸಿಸ್ಟರ್, ನನ್ನ ಕಾಲು ಉಂಟಾ?" ಅಂತ ಕೇಳುತ್ತಾರೆ. ನಾನು ಹಸಿರು ಬಟ್ಟೆಯ ಕೆಳಗೆ ಅವರ ಕಾಲು ಹಿಡಿದಿರುತ್ತೇನೆ, ಅವರಿಗೆ ತಿಳಿಯುವುದಿಲ್ಲ. ಆದರೆ ಇಷ್ಟು ವರ್ಷದಲ್ಲಿ ಒಬ್ಬಳೂ "ನಾನು ಇದ್ದೇನಾ?" ಅಂತ ಕೇಳಿಲ್ಲ. ಇಬ್ನ್ ಸೀನಾ ದೊಡ್ಡ ವೈದ್ಯರು. ಓದುವಾಗ ಅವರು ನಮ್ಮ ಥಿಯೇಟರಿನಲ್ಲೇ ನಿಂತ ಹಾಗೆ ಅನಿಸಿತು.

ಇದನ್ನು ಓದಿದವರು ಕೂಡಲೇ "ಇದು ಡೆಕಾರ್ಟ್ ಹೇಳಿದ್ದೇ ಅಲ್ವಾ, ಯೋಚಿಸುತ್ತೇನೆ ಆದ್ದರಿಂದ ಇದ್ದೇನೆ?" ಅನ್ನುತ್ತಾರೆ. ನಿಧಾನಿಸಿ. ಡೆಕಾರ್ಟ್ (1596–1650) ಎಲ್ಲವನ್ನೂ ಅನುಮಾನಿಸುತ್ತಾ ಬಂದು, ಅನುಮಾನಕ್ಕೆ ಜಗ್ಗದ ಒಂದು ಕಲ್ಲು ಹುಡುಕುತ್ತಿದ್ದರು. ಇಬ್ನ್ ಸೀನಾಗೆ ಅನುಮಾನವೇ ಇಲ್ಲ. "ನಾನು" ಅನ್ನುವ ಅರಿವು ಮೈಯ ಮೂಲಕ ಬರುವುದಲ್ಲ ಅಂತ ಬೆರಳು ತೋರಿಸುತ್ತಿದ್ದಾರೆ ಅಷ್ಟೇ. ನಾನು ಇಂಥ ಕಡೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುತ್ತೇನೆ: ಚಿತ್ರ ಒಂದೇ, ಕೆಲಸ ಬೇರೆ.

ಗಝಾಲಿಯವರಲ್ಲೂ ಹೀಗೇ. ಮನುಷ್ಯನ ಚರ್ಮದೊಳಗೆ ಹಂದಿ, ನಾಯಿ, ಸೈತಾನ, ಜ್ಞಾನಿ ನಾಲ್ವರೂ ಇದ್ದಾರೆ ಅನ್ನುತ್ತಾರೆ. ಹಂದಿ ಆಸೆ, ನಾಯಿ ಸಿಟ್ಟು. ಪ್ಲೇಟೋ ಅವರ 'ರಿಪಬ್ಲಿಕ್'ನ ಒಂಬತ್ತನೆಯ ಭಾಗದಲ್ಲಿ ಹಲವು ತಲೆಯ ಮೃಗ, ಸಿಂಹ, ಮನುಷ್ಯ ಮೂವರೂ ಒಂದೇ ಚರ್ಮದೊಳಗಿದ್ದಾರೆ. ಪ್ಲೇಟೋ ಇದನ್ನು ತರುವುದು ನ್ಯಾಯವಾಗಿ ಬದುಕುವುದೇ ಲಾಭ ಅಂತ ತೋರಿಸಲು. ಗಝಾಲಿ ತರುವುದು ಹೃದಯದ ಕನ್ನಡಿ ಒರೆಸಲು, ಅದರಲ್ಲಿ ದೇವರ ಅರಿವು ಮೂಡಲಿ ಅಂತ. ಸ್ವಭಾವ ಬದಲಾಗುವುದೇ ಇಲ್ಲ ಅನ್ನುವವರಿಗೆ ಗಝಾಲಿ ಕೊಡುವ ಉತ್ತರ ನನಗೆ ತುಂಬಾ ಇಷ್ಟ. ಖರ್ಜೂರದ ಬೀಜ ಖರ್ಜೂರದ ಮರವೂ ಅಲ್ಲ, ಸೇಬಿನ ಮರವೂ ಅಲ್ಲ. ಆರೈಕೆ ಮಾಡಿದರೆ ಖರ್ಜೂರದ ಮರ ಆಗಬಲ್ಲದು. ಎಷ್ಟು ಆರೈಕೆ ಮಾಡಿದರೂ ಸೇಬು ಆಗದು. ಬಿಳಿ ಹಾಳೆಗೂ ನಮ್ಮ ಗಾದೆಗೂ ಒಟ್ಟಿಗೆ ಇದರಲ್ಲಿ ಉತ್ತರ ಇದೆ.

ಒಬ್ಬರಿಂದ ಇನ್ನೊಬ್ಬರು ಕದ್ದರು ಅನ್ನುವ ಮಾತಿಗೂ ಕೈ ತಡೆಯಿರಿ. ದ್ವೀಪದಲ್ಲಿ ಒಂಟಿಯಾಗಿ ಬೆಳೆಯುವ ಹುಡುಗನ ಬಗ್ಗೆ 12ನೆಯ ಶತಮಾನದ ಇಬ್ನ್ ತುಫೈಲ್ ಬರೆದ 'ಹೈಯ್ ಇಬ್ನ್ ಯಕ್ಝಾನ್' ಕತೆ 1671ರಲ್ಲಿ ಆಕ್ಸ್‌ಫರ್ಡಿನಲ್ಲಿ ಲ್ಯಾಟಿನ್‌ಗೆ ಬಂತು. ಅನುವಾದಿಸಿದವರು ಕಿರಿಯ ಎಡ್ವರ್ಡ್ ಪೊಕಾಕ್. ಅವರ ತಂದೆ ಅಲ್ಲಿ ಅರಬ್ಬಿ ಪ್ರಾಧ್ಯಾಪಕರು, ಲಾಕ್‌ಗೆ ಪರಿಚಿತರು. ಲಾಕ್ ತಮ್ಮ ಪ್ರಬಂಧದ ಮೊದಲ ಕರಡುಗಳನ್ನು ಬರೆದದ್ದೂ 1671ರಲ್ಲೇ. ಇಷ್ಟನ್ನು ಬರೆದಿಟ್ಟುಕೊಳ್ಳಿ. ಒಂದೇ ವರ್ಷ, ಒಂದೇ ಊರಿನ ನಂಟು ಅನ್ನುವುದು ಲಾಕ್ ಅದರಿಂದ ಎತ್ತಿಕೊಂಡರು ಅನ್ನುವುದಕ್ಕೆ ಸಾಕ್ಷಿಯಲ್ಲ.

ಓದುವ ಕ್ರಮ

ಮೊದಲ ತಿಂಗಳು ಅಗಸ್ಟೀನರ ಮೊದಲ ಭಾಗ ಮತ್ತು ಮೇಲೆ ಹೇಳಿದ ಕುರಾನಿನ ಸಾಲುಗಳು, ಅಕ್ಕಪಕ್ಕ. ಎರಡನೆಯ ತಿಂಗಳು ಲಾಕ್‌ರ ಪ್ರಬಂಧದ ಎರಡನೆಯ ಭಾಗದ ಮೊದಲ ಅಧ್ಯಾಯ, 'ಎಮೀಲ್'ನ ಮೊದಲ ಭಾಗ. ಹಾಬ್ಸ್‌ರ 'ಲೆವಿಯಾಥನ್'ನ 13ನೆಯ ಅಧ್ಯಾಯ ಚಿಕ್ಕದು, ಒಂದು ಸಂಜೆ ಸಾಕು. ಇಬ್ನ್ ಖಲ್ದೂನ್‌ರ ಮೊದಲ ಅಧ್ಯಾಯದ ಶುರುವನ್ನು ಅದರ ಬೆನ್ನಿಗೇ ಓದಿ. ಒಬ್ಬರೇ ಓದಬೇಡಿ. ನಾನು ಒಬ್ಬ ಕೆಥೋಲಿಕ್ ಗೆಳತಿ, ಒಬ್ಬ ಬ್ಯಾರಿ ಗೆಳತಿಯ ಜೊತೆ ಓದುತ್ತೇನೆ. ನನಗೆ ತಪ್ಪಾಗಿ ಅರ್ಥವಾದದ್ದನ್ನು ಅವರು ಅಲ್ಲೇ ತಿದ್ದುತ್ತಾರೆ. ಜ್ಞಾನಸ್ನಾನ ಸಿಗದ ಮಗುವಿಗೆ ರಕ್ಷಣೆ ಇಲ್ಲ ಅಂದ ಅಗಸ್ಟೀನರೇ ಚರ್ಚಿನ ಕೊನೆಯ ಮಾತಲ್ಲ, ಜ್ಞಾನಸ್ನಾನ ಸಿಗದೆ ಸತ್ತ ಮಕ್ಕಳಿಗೂ ರಕ್ಷಣೆಯ ಭರವಸೆ ಇಡಲು ಕಾರಣಗಳಿವೆ ಅಂತ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ 2007ರಲ್ಲಿ ಹೇಳಿದೆ ಅಂತ ಗೊತ್ತಾದದ್ದು ಆ ಗೆಳತಿಯಿಂದ. ಆ ರಾತ್ರಿಯ ಮಗು ನೆನಪಾಗಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

'ಹೈಯ್' ಕತೆಯನ್ನು ಕೊನೆಗೆ ಇಟ್ಟುಕೊಳ್ಳಿ. ಯಾರೂ ಇಲ್ಲದ ದ್ವೀಪದಲ್ಲಿ ಒಂದು ಮಗು. ಜಿಂಕೆಯೊಂದು ಹಾಲು ಕೊಟ್ಟು ಸಾಕುತ್ತದೆ. ಅಲ್ಲಿ ತೊಳೆಯುವವರಿಲ್ಲ, ಕಿವಿಯಲ್ಲಿ ಹೇಳುವವರಿಲ್ಲ, ಬಟ್ಟೆ ಸುತ್ತುವವರಿಲ್ಲ. ಹುಡುಗನಿಗೆ ಏಳು ವರ್ಷವಾದಾಗ ಜಿಂಕೆ ಸಾಯುತ್ತದೆ. ಆ ಪುಟ ಬಂದಾಗ ನಿಧಾನವಾಗಿ ಓದಿ. ಅವನು ಅದರ ಕಿವಿ ನೋಡುತ್ತಾನೆ, ಕಣ್ಣು ನೋಡುತ್ತಾನೆ. ಗಾಯ ಇಲ್ಲ. ಕೂಗಿದರೆ ಓಗೊಡುವುದಿಲ್ಲ. ತೊಂದರೆ ಒಳಗೆಲ್ಲೋ ಇರಬೇಕು, ತೆಗೆದರೆ ಅವಳು ಏಳಬಹುದು ಅಂತ ಚೂಪಾದ ಕಲ್ಲಿನಿಂದ, ಒಣಗಿದ ಜೊಂಡಿನ ಸೀಳಿನಿಂದ ಎದೆ ಬಿಡಿಸುತ್ತಾನೆ. ಹೃದಯ ಸಿಗುತ್ತದೆ. ಬಲಗೋಣೆಯಲ್ಲಿ ಹೆಪ್ಪುಗಟ್ಟಿದ ರಕ್ತ. ಎಡಗೋಣೆ ಖಾಲಿ. ಇಲ್ಲಿದ್ದದ್ದು ಹೊರಟುಹೋಗಿದೆ, ತನಗೆ ಹಾಲು ಕೊಟ್ಟ ಅಮ್ಮ ಅದೇ ಹೊರತು ಈ ಮೈಯಲ್ಲ ಅಂತ ಅವನಿಗೆ ಹೊಳೆಯುತ್ತದೆ. ಆ ಮೈಯನ್ನು ಹೂಳುವುದು ಹೇಗೆ ಅಂತ ಒಂದು ಕಾಗೆಯನ್ನು ನೋಡಿ ಕಲಿಯುತ್ತಾನೆ.

ಬರೆದ ಇಬ್ನ್ ತುಫೈಲ್ ಕೂಡ ವೈದ್ಯರೇ. ಲಾಕ್ ಕೂಡ ವೈದ್ಯಕೀಯ ಕಲಿತವರು. 1668ರಲ್ಲಿ ತಮ್ಮ ಆಶ್ರಯದಾತ ಆಶ್ಲಿ ಪ್ರಭುವಿನ ಯಕೃತ್ತಿನ ಕೀವುಗಡ್ಡೆಗೆ ಮುಂದೆ ನಿಂತು ಆಪರೇಷನ್ ಮಾಡಿಸಿ, ಕೀವು ಹರಿಯಲು ನಳಿಕೆ ಇಡಿಸಿದವರು. ಆ ಪುಟ ಮುಗಿದ ಮೇಲೆ ಲಾಕ್‌ರ ಬಿಳಿ ಹಾಳೆಗೆ ಮತ್ತೆ ಹಿಂದಿರುಗಿ. ನಾನು ಮೂರು ಸಲ ಹಿಂದಿರುಗಿದ್ದೇನೆ. ಮೂರನೆಯ ಸಲ ಓದಿದ್ದು ಡ್ಯೂಟಿ ನಡುವೆ, ಬೆಳಗಿನ ಜಾವ ನಾಲ್ಕಕ್ಕೆ. ವಾರ್ಮರ್ ಕೆಳಗೆ ಆಗ ತಾನೇ ಹುಟ್ಟಿದ ಒಂದು ಹೆಣ್ಣುಮಗು ಇತ್ತು. ಶೀಟಿನಲ್ಲಿ ಇನ್ನೂ ಹೆಸರು ಬರೆದಿರಲಿಲ್ಲ. ನನ್ನ ಕಿರುಬೆರಳನ್ನು ಅದು ಬಿಗಿಯಾಗಿ ಹಿಡಿದುಕೊಂಡಿತ್ತು, ಹಾಗಾಗಿ ಪುಟ ತಿರುಗಿಸಲು ಎಡಗೈ ಬಳಸಬೇಕಾಯಿತು.